ಮೊಹರು ಭಾವನ ಮೂವತ್ತೆರಡು ಜೋಡಿ

ನಮ್ಮ ಭಾವನಿಗೆ ಮೊಹರಿನ ಮೇಲಿರುವ ಭಕ್ತಿಯಲ್ಲಿ ಕಾಲು ಭಾಗ ನಮ್ಮ ಅಕ್ಕನ ಮೇಲಿದ್ದಿದ್ದರೂ, ಅವಳು ದಿನಾ ನನ್ನ ಅಂಗಡಿಗೆ ಬಂದು ದೂರು ಹೇಳುವುದು ತಪ್ಪುತ್ತಿತ್ತು. ಭಾವ ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಆ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಹೀಗಾಗಿ ಅವರು ಮನೆಯಲ್ಲಿ ಮಾಡುವ ಎಡವಟ್ಟುಗಳು ಅಕ್ಕನ ಬಾಯಿಂದ ನನ್ನ ಕಿವಿಗೆ ಬೀಳುತ್ತವೆ, ಕಚೇರಿಯಲ್ಲಿ ಮಾಡುವುದು ನೇರವಾಗಿ ಕಣ್ಣಿಗೇ ಬೀಳುತ್ತದೆ. ಬೇರೆ ಮನರಂಜನೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.

ನಾನು ಅಂಗಡಿಯಲ್ಲಿ ಭಾವ, ಭಾವ ಎನ್ನುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಅವರು ಭಾವ ಆಗಿಬಿಟ್ಟಿದ್ದಾರೆ. ಅದರ ಹಿಂದೆ ಸೇರಿಕೊಂಡ ‘ಮೊಹರು’ ಮಾತ್ರ ಅವರ ಸ್ವಂತ ಸಂಪಾದನೆ. ಮೊಹರಿಲ್ಲದ ಕಾಗದ ಅವರ ಪಾಲಿಗೆ ಕಾಗದವೇ ಅಲ್ಲ. ಯಾರಾದರೂ ತಮ್ಮ ದಾಖಲೆಗೆ ತಾವೇ ಸಹಿ ಹಾಕಿಕೊಂಡು ಬಂದರಂತೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಿದ್ದರು.

"ನಾನೇ ನಾನು ಅಂತ ನೀವೇ ಬರ್ಕೊಂಡು ಬಂದ್ರೆ ಹೆಂಗ್ರೀ? ಕಳ್ಳನೂ ಹಾಗೇ ಬರ್ಕೊಂಡು ಬರ್ತಾನೆ. ಇನ್ನೊಬ್ರು ಹೇಳ್ಬೇಕು. ಹೋಗಿ, ಹೇಳಿಸ್ಕೊಂಡು ಬನ್ನಿ."

ಒಮ್ಮೆ ಸಾಹೇಬರಿಲ್ಲದ ದಿನ ತಮ್ಮದೇ ರಜಾ ಅರ್ಜಿಯನ್ನು ಬರೆದು, ಮೇಜಿನ ಈ ಕಡೆ ನಿಂತು ಕೊಟ್ಟು, ಆ ಕಡೆ ಹೋಗಿ ಕೂತು ತೆಗೆದುಕೊಂಡು, ಸಾಹೇಬರ ಮೊಹರಿಲ್ಲವೆಂದು ವಾಪಸ್ ಮಾಡಿಕೊಂಡವರು ಅವರು. ಅಂದು ಅಕ್ಕನ ಜೊತೆ ಆಸ್ಪತ್ರೆಗೆ ಹೋಗಬೇಕಿತ್ತು. ನಾನು ಹೋದೆ.

ಇಂಥವರ ಕಚೇರಿಗೆ ಹೋದ ವರ್ಷ ಕಂಪ್ಯೂಟರ್ ಬಂತು. ಹಿಂದಿನ ಕೋಣೆಯಲ್ಲಿ, ಹಳೆಯ ರಿಜಿಸ್ಟರುಗಳ ನಡುವೆ, ಮೇಲೊಂದು ಹೂವಿನ ಬಟ್ಟೆ ಹೊದ್ದು ಒಂದು ಯಂತ್ರ ಸದಾ ಗುಂಯ್‌ಗುಡುತ್ತ ಕೂತಿತು. ಕಿಟಕಿಯಲ್ಲಿ ಅರ್ಜಿ ಕೊಡುವುದು ನಿಂತುಹೋಯಿತು. ಜನ ತಮ್ಮ ಫೋನಿನಿಂದಲೇ ಕಚೇರಿಯ ಜಾಲತಾಣಕ್ಕೆ ಹೋಗಿ ಅರ್ಜಿ ಹಾಕಬೇಕು, ಭಾವ ಒಳಗೆ ಕೂತು ರಿಜಿಸ್ಟರ್ ನೋಡಿ ಮಂಜೂರು ಮಾಡಬೇಕು, ನಂಬರಿರುವ ಪ್ರಮಾಣಪತ್ರ ನನ್ನ ಅಂಗಡಿಯಲ್ಲಿ ಅಚ್ಚಾಗಿ ಹೊರಬರಬೇಕು. ವ್ಯವಸ್ಥೆ ಚೆನ್ನಾಗಿಯೇ ಇತ್ತು, ಆ ಬುಧವಾರದವರೆಗೆ.

ಬುಧವಾರ ಬೆಳಗ್ಗೆ ತಾಣ ಸತ್ತುಹೋಯಿತು. ಆ ತಾಣ ನಿಜವಾಗಿಯೂ ಈ ಕಚೇರಿಯದ್ದೇ ಎಂದು ಫೋನುಗಳಿಗೆ ಸಾರುವ ಒಂದು ಪತ್ರ ಯಂತ್ರದೊಳಗೆ ಇರುತ್ತದಂತೆ. ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಂತೆ. ಅವಧಿ ಮುಗಿಯುತ್ತಿದೆ ಎಂದು ಮೂರು ಸಲ ಇಮೇಲ್ ಬಂದಿತ್ತು. ಭಾವ ಮೂರನ್ನೂ ಶ್ರದ್ಧೆಯಿಂದ ಅಚ್ಚು ಹಾಕಿಸಿ, ಮೂರರ ಮೇಲೂ ‘ಮೊಹರು ಇಲ್ಲ, ಹಿಂದಿರುಗಿಸಲಾಗಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಹಿಂದಿರುಗಿಸಲು ವಿಳಾಸ ಸಿಗದೆ ಫೈಲಿಗೆ ಸೇರಿಸಿದ್ದರು. ಸಾಹೇಬರು ಮೊಣಕಾಲಿನ ಚಿಕಿತ್ಸೆಗೆ ರಜೆಯಲ್ಲಿದ್ದರು. ಕೇಂದ್ರ ಕಚೇರಿಗೆ ಫೋನ್ ಮಾಡಿದರೆ, ಹೊಸ ಪತ್ರ ಬರಲು ಮೂರು ವಾರ ಆಗುತ್ತದೆ ಎಂದರು.

ಮೂರು ವಾರವೇನು ಮಹಾ ಎಂದು ಭಾವ ಚಹಾ ತರಿಸಿಕೊಂಡರು. ಅಷ್ಟರಲ್ಲಿ ನನ್ನ ಅಂಗಡಿಯಿಂದ ರಸ್ತೆ ದಾಟಿಕೊಂಡು ಟೈಲರ್‌ನ ಹೆಂಡತಿ ಬಂದಳು, ಹಿಂದೆ ಅವಳ ಮಗಳು.

ಟೈಲರ್ ಭಾವನ ಪಕ್ಕದ ಮನೆಯವನು. ಅವನ ಮಗಳಿಗೆ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತ್ತು. ಆ ಹುಡುಗಿ ಹೊಲಿಗೆ ಯಂತ್ರದ ಸದ್ದಿನ ಪಕ್ಕದಲ್ಲಿ ಕೂತು ಎರಡು ವರ್ಷ ಓದಿದ್ದನ್ನು ಬೀದಿಯೇ ಕಂಡಿದೆ. ಶನಿವಾರ ಸಂಜೆ ಐದರೊಳಗೆ ಜನನ ಪ್ರಮಾಣಪತ್ರ ತರಬೇತಿ ಶಾಲೆಗೆ ಮುಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಕೈಬರಹದ್ದು ಅವರು ಒಪ್ಪುವುದಿಲ್ಲ, ನಂಬರಿನದ್ದೇ ಬೇಕು.

"ಅಣ್ಣಾ, ಹುಟ್ಟಿದಾಗ ನೀವೇ ಬರ್ಕೊಂಡಿದ್ದು. ನೆನಪಿದೆಯಲ್ಲ?" ಎಂದಳು ಟೈಲರ್‌ನ ಹೆಂಡತಿ.

ಭಾವನಿಗೆ ಎಲ್ಲವೂ ನೆನಪಿತ್ತು. ರಿಜಿಸ್ಟರಿನ ಪುಟ, ಸಾಲು ಕೂಡ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಆ ಮೂರು ಇಮೇಲಿನ ಫೈಲು ಮೇಜಿನ ಮೇಲೇ ಇತ್ತು. ಅದರ ಮೇಲೆ ಮೆಲ್ಲಗೆ ಚಹಾದ ತಟ್ಟೆ ಇಟ್ಟರು. "ನೀನು ಹೋಗಮ್ಮಾ. ಶನಿವಾರದೊಳಗೆ ಮಾಡಿಕೊಡ್ತೀನಿ," ಎಂದುಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಭಾವ ಯಾರಿಗೂ ಮಾತು ಕೊಟ್ಟಿದ್ದಿಲ್ಲ, ರಸೀದಿ ಮಾತ್ರ ಕೊಟ್ಟಿದ್ದರು.

ನನ್ನ ಅಂಗಡಿಗೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಬರುವ ಒಬ್ಬ ಕಂಪ್ಯೂಟರ್ ಮೇಷ್ಟ್ರಿದ್ದಾರೆ. ಅವರ ಮುಂದೆ ಭಾವನನ್ನು ನಿಲ್ಲಿಸಿದೆ. ಮೇಷ್ಟ್ರಿಗೆ ಪಾಠ ಹೇಳುವುದೆಂದರೆ ಹಸಿದವನಿಗೆ ಎಲೆ ಹಾಕಿದಷ್ಟು ಖುಷಿ.

"ನಿಮ್ಮ ಯಂತ್ರ, ಜನರ ಫೋನು ಎರಡೂ ಗುಟ್ಟಾಗಿ ಮಾತಾಡ್ಬೇಕು. ನಡುವೆ ಕಿವಿ ಇಟ್ಟೋರಿಗೆ ಅರ್ಥ ಆಗಬಾರದು. ಅದಕ್ಕೆ ಓಪನ್ ಎಸ್‌ಎಸ್‌ಎಲ್ ಅಂತ ಒಂದಿದೆ. ಬೀಗ ಮಾಡೋದು, ಕೀಲಿ ಮಾಡೋದು, ಗುರುತಿನ ಪತ್ರ ಮಾಡೋದು, ಎಲ್ಲಾ ಹತಾರವೂ ಅದರಲ್ಲೇ ಇದೆ. ನಿಮ್ಮ ಯಂತ್ರದಲ್ಲಿ ಈಗಾಗಲೇ ಇರುತ್ತೆ. ಬಿಟ್ಟಿ."

"ಬಿಟ್ಟಿ ಬೀಗ ಯಾರಾದ್ರೂ ಮನೆಗೆ ಹಾಕ್ತಾರಾ?" ಎಂದರು ಭಾವ.

"ಅದನ್ನ ಹೇಗೆ ಮಾಡಿದ್ದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ಎಲ್ಲೆಲ್ಲಿಯವರೋ ಸೇರಿ ಬರೆದಿದ್ದಾರೆ, ತಪ್ಪಿದ್ರೆ ತಿದ್ದುತ್ತಾರೆ."

"ಹಾಗಾದ್ರೆ ಕಳ್ಳನೂ ಬಿಚ್ಚಿ ನೋಡ್ತಾನೆ."

"ನೋಡಲಿ ಬಿಡಿ. ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಊರಿಗೆಲ್ಲ ಗೊತ್ತಿದ್ರೂ ಕೀಲಿ ನಿಮ್ಮ ಜೇಬಲ್ಲೇ ಇರುತ್ತಲ್ಲ?"

ಭಾವ ಜೇಬು ಮುಟ್ಟಿ ನೋಡಿಕೊಂಡರು. ಅಲ್ಲಿ ಕಚೇರಿಯ ಮೊಹರು ಇತ್ತು. ಧೈರ್ಯ ಬಂತು.

ಗುರುವಾರ ಮಧ್ಯಾಹ್ನ ಮೂವರೂ ಹಿಂದಿನ ಕೋಣೆ ಸೇರಿದೆವು. ಮೇಷ್ಟ್ರು ಒಂದು ಸಾಲು ಟೈಪು ಮಾಡಿ, "ಇನ್ನು ಅದು ಕೇಳಿದ್ದಕ್ಕೆ ಉತ್ತರ ಕೊಡ್ತಾ ಹೋಗಿ," ಎಂದು ಕುರ್ಚಿ ಬಿಟ್ಟುಕೊಟ್ಟರು. ಅಷ್ಟರಲ್ಲಿ ಅವರ ಮನೆಯಿಂದ ಫೋನ್ ಬಂತು. ಗ್ಯಾಸ್ ಮುಗಿದಿದೆಯಂತೆ, ಯಾರ ತಪ್ಪು ಎಂಬ ವಿಚಾರಣೆಗೆ ಅವರು ಅಂಗಳಕ್ಕೆ ಹೋದರು.

ಯಂತ್ರ ಒಂದೊಂದೇ ಪ್ರಶ್ನೆ ಕೇಳತೊಡಗಿತು. ಭಾವನ ಮುಖ ಅರಳಿತು. ಇಂಥ ಶಿಸ್ತಿನ ನಮೂನೆ ತುಂಬಿ ಎಷ್ಟು ಕಾಲವಾಗಿತ್ತೋ. ದೇಶ ಯಾವುದು ಎಂದಿತು, ಬರೆದರು. ಎರಡೇ ಅಕ್ಷರ ಸಾಕು ಎಂದು ಗದರಿತು. "ನೋಡು, ಎಷ್ಟು ಖಡಕ್ಕು," ಎಂದು ನನಗೆ ಹೆಮ್ಮೆಯಿಂದ ಹೇಳಿದರು. ಊರು ಕೇಳಿತು, ಸಂಸ್ಥೆ ಕೇಳಿತು, ವಿಭಾಗ ಕೇಳಿತು. ಕೊನೆಗೆ ತಾಣದ ವಿಳಾಸ ಅಥವಾ ನಿಮ್ಮ ಹೆಸರು ಕೊಡಿ ಎಂದು ಕೇಳಿತು.

ಇಲ್ಲಿಯೇ ವಿಧಿ ಬಾಗಿಲು ತಟ್ಟಿದ್ದು. ಬೇಕಿದ್ದುದು ಕಚೇರಿಯ ತಾಣದ ವಿಳಾಸ. ಆದರೆ ಹೆಸರು ಕೇಳುವ ಖಾಲಿ ಜಾಗ ಕಂಡರೆ ಸುಮ್ಮನೆ ದಾಟಿಹೋಗುವ ಗುಮಾಸ್ತ ಇನ್ನೂ ಹುಟ್ಟಿಲ್ಲ. ಭಾವ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಹುದ್ದೆ, ಸೇವೆಗೆ ಸೇರಿದ ದಿನಾಂಕ ಎಲ್ಲ ಬರೆದರು. ಉದ್ದವಾಯಿತು, ಅರವತ್ತನಾಲ್ಕು ಅಕ್ಷರ ಮೀರಬಾರದು ಎಂದಿತು ಯಂತ್ರ. ತಂದೆಯನ್ನು ತೆಗೆದರು. ಇನ್ನೂ ಉದ್ದ ಎಂದಿತು. ಮನಸ್ಸಿಲ್ಲದ ಮನಸ್ಸಿನಿಂದ ಸೇವೆಯ ದಿನಾಂಕ ತೆಗೆದರು. ಈ ಸಲ ಯಂತ್ರ ಮರುಮಾತಾಡದೆ ಒಪ್ಪಿ, ಹೊಸ ಪತ್ರ ಮಾಡಿಕೊಟ್ಟಿತು.

ಮೇಷ್ಟ್ರು ಬಂದವರೇ, ಯಾರ ಹೆಸರಿದೆ ಎಂದೂ ನೋಡದೆ, ಅದನ್ನು ಹಾಕಬೇಕಾದ ಜಾಗಕ್ಕೆ ಹಾಕಿ, ಗುಂಡಿ ಒತ್ತಿದರು. ತಾಣ ಎದ್ದು ಕೂತಿತು.

"ಇದಕ್ಕೆ ಸಹಿ ಹಾಕಿದ್ದು ಯಾರು?" ಎಂದು ಕೇಳಿದರು ಭಾವ, ಸಂಭ್ರಮದಲ್ಲಿ.

"ನೀವೇ. ನಿಮ್ಮ ಯಂತ್ರ ತನಗೆ ತಾನೇ ಸಹಿ ಹಾಕ್ಕೊಂಡಿದೆ. ಫೋನು ಸ್ವಲ್ಪ ಗೊಣಗುತ್ತೆ, ಮೂರು ವಾರ ತಾನೇ."

ಭಾವನ ಮುಖ ಬಿಳಿಚಿಕೊಂಡಿತು. "ಅಂದ್ರೆ ನಾನೇ ನಾನು ಅಂತ ನಾನೇ ಬರ್ಕೊಂಡಿದೀನಾ?" ಎಂದು ಎರಡು ಸಲ ಕೇಳಿ, ಯಂತ್ರಕ್ಕೆ ಮತ್ತೆ ಹೂವಿನ ಬಟ್ಟೆ ಹೊದಿಸಿದರು. ಸಂಜೆ ಮನೆಗೆ ಹೋಗುವಾಗ ಪರಿಚಯದವರು ಎದುರಾದರೆ ತಲೆ ತಗ್ಗಿಸುತ್ತಿದ್ದರೆಂದು ಅಕ್ಕ ಆಮೇಲೆ ಹೇಳಿದಳು.

ಮೇಷ್ಟ್ರು ಹೇಳಿದ ಸ್ವಲ್ಪ ಗೊಣಗಾಟ ಎಂಥದ್ದು ಎಂಬುದು ಶುಕ್ರವಾರ ಬೆಳಗ್ಗೆ ಗೊತ್ತಾಯಿತು. ತಾಣ ತೆರೆಯಲು ಹೋದವರ ಫೋನಿನಲ್ಲಿ ಇಡೀ ಪರದೆ ಕೆಂಪಾಯಿತು. ‘ಎಚ್ಚರ. ಈ ತಾಣ ನಂಬಿಕೆಗೆ ಅರ್ಹವಲ್ಲ. ನಿಮ್ಮ ಗುಪ್ತ ಮಾಹಿತಿಯನ್ನು ಯಾರೋ ಕದಿಯಲು ಯತ್ನಿಸುತ್ತಿರಬಹುದು.’ ಯಾರಿರಬಹುದು ಎಂದು ಕುತೂಹಲದಿಂದ ವಿವರ ಒತ್ತಿದವರಿಗೆ ಕೆಳಗೆ ನಮ್ಮ ಭಾವನ ಹೆಸರು, ಹುದ್ದೆ ಸಮೇತ, ಸ್ಪಷ್ಟವಾಗಿ ಕಾಣಿಸಿತು.

ಒಂಬತ್ತು ಗಂಟೆಗೆ ಕ್ಷೌರಿಕನ ಅಂಗಡಿಯಲ್ಲಿ ಸುದ್ದಿ. ಒಂಬತ್ತೂವರೆಗೆ ಬೇಕರಿಯಲ್ಲಿ. ಹತ್ತಕ್ಕೆ ನಮ್ಮ ಅಕ್ಕ ಫೋನ್ ಹಿಡಿದುಕೊಂಡು ನನ್ನ ಅಂಗಡಿಯಲ್ಲಿ.

"ಏನೋ ಇದು? ನಿಮ್ಮ ಭಾವ ಕದಿಯುತ್ತಿರಬಹುದು ಅಂತ ಬರೆದಿದೆ."

"ಇರಬಹುದು ಅಂತ ತಾನೇ ಅಕ್ಕ, ಇದ್ದಾರೆ ಅಂತ ಅಲ್ಲವಲ್ಲ."

"ಅದೇ ನನ್ನ ಸಂಕಟ. ಫೋನಿಗೇ ಅನುಮಾನ ಬಂದಿದೆ ಅಂದ್ರೆ? ಇಪ್ಪತ್ತು ವರ್ಷದಿಂದ ಒಂದು ಸೂಜಿ ತಂದವರಲ್ಲ ಮನೆಗೆ. ಕದ್ದಿದ್ದು ಎಲ್ಲಿ ಇಟ್ಟಿದ್ದಾರೆ ಅಂತ?"

ಹನ್ನೊಂದಕ್ಕೆ ಭಾವನ ಅಣ್ಣ ದೂರದೂರಿಂದ ಫೋನ್ ಮಾಡಿ, ಪರಿಚಯದ ವಕೀಲರೊಬ್ಬರಿದ್ದಾರೆ, ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಸಮಾಧಾನ ಹೇಳಿದರು. ಕ್ಷೌರಿಕ, ಅರ್ಧ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡ ಗಿರಾಕಿಯನ್ನೂ ಕರೆದುಕೊಂಡು, ಕಚೇರಿಯ ಕಿಟಕಿಯಲ್ಲಿ ಇಣುಕಿ ಹೋದ. ಹಿಂದೆಂದೋ ಭಾವ ಅರ್ಜಿ ವಾಪಸ್ ಮಾಡಿದ ಯಾರೋ ಪುಣ್ಯಾತ್ಮ, ಕೆಂಪು ಪರದೆಯ ಫೋಟೋ ತೆಗೆದು ಕೇಂದ್ರ ಕಚೇರಿಗೆ ಕಳಿಸಿಬಿಟ್ಟ. ಶನಿವಾರ ತನಿಖಾಧಿಕಾರಿ ಬರುತ್ತಾರೆ ಎಂದು ಮಧ್ಯಾಹ್ನವೇ ಫೋನ್ ಬಂತು.

ಅದಕ್ಕೂ ಭಾವ ಅಷ್ಟು ಕುಗ್ಗಲಿಲ್ಲ. ಟೈಲರ್‌ನ ಹೆಂಡತಿ ಬಂದು ಎದುರು ನಿಂತಾಗ ಕುಗ್ಗಿದರು. ಮಗಳ ಅರ್ಜಿಗೆ ತಾಯಿಯ ಒಪ್ಪಿಗೆ ತಾಯಿಯ ಫೋನಿನಿಂದಲೇ ಹೋಗಬೇಕು. ಕೆಂಪು ಪರದೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ‘ಆದರೂ ಮುಂದುವರಿಯಿರಿ’ ಎಂದಿದೆ, ಅದನ್ನು ಒತ್ತಿದರೆ ಸಾಕು ಎಂದು ನಾನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

"ಗುಮಾಸ್ತರೇ," ಎಂದಳು. ನಿನ್ನೆಯವರೆಗೆ ಅಣ್ಣ ಎನ್ನುತ್ತಿದ್ದವಳು. "ಮನೆ ಬಾಗಿಲಲ್ಲಿ ಕಳ್ಳ ಇದ್ದಾನೆ ಅಂತ ಬೋರ್ಡು ಹಾಕಿದ್ಮೇಲೂ ಒಳಗೆ ಬನ್ನಿ ಅಂದ್ರೆ ಹೇಗೆ ಬರ್ಲಿ? ನನ್ನ ಮಗಳ ಎಲ್ಲಾ ವಿವರ ಅದರಲ್ಲಿದೆ."

"ಅಮ್ಮಾ, ನಾಳೆ ಐದು ಗಂಟೆ," ಎಂದಳು ಹುಡುಗಿ ಮೆಲ್ಲಗೆ.

"ಗೊತ್ತು ಕಣೇ. ಅದಕ್ಕೇ ಅಂತ ಕಣ್ಣು ಮುಚ್ಚಿ ಬಾವಿಗೆ ಹಾರೋದಾ?"

ಇಪ್ಪತ್ತೆರಡು ವರ್ಷ ಕಿಟಕಿಯ ಒಳಗೆ ಕೂತು ಭಾವ ತಾವೇ ಹೇಳುತ್ತಿದ್ದ ಮಾತನ್ನು ಅವಳು ಹೊರಗೆ ನಿಂತು ಹೇಳುತ್ತಿದ್ದಳು. ಅವಳು ಹೋದಮೇಲೆ ಭಾವನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ನನಗೆ ತಮಾಷೆಯೆಲ್ಲ ಇಳಿದುಹೋಯಿತು.

ಸಂಜೆ ಮೇಷ್ಟ್ರನ್ನು ಹುಡುಕಿಕೊಂಡು ಹೋದೆವು. ಹೆಸರಿನ ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡರು. ಬೇಕಾದರೆ ಇದನ್ನು ಅಳಿಸಿ ತಾಣದ ಹೆಸರಲ್ಲಿ ಮತ್ತೊಂದು ಮಾಡೋಣ, ಆದರೆ ಕೆಂಪು ಹೋಗುವುದಿಲ್ಲ ಎಂದರು.

"ಬೇಡ. ಈಗ ಹೆಸರು ಅಳಿಸಿದ್ರೆ ಕದ್ದಿದ್ದು ಒಪ್ಕೊಂಡ ಹಾಗೆ," ಎಂದರು ಭಾವ. "ಮೇಷ್ಟ್ರೇ, ನಾನು ನಾನೇ ಅಂತ ಆಯಮ್ಮನಿಗೆ ಗೊತ್ತಾಗೋಕೆ ಬೇರೆ ದಾರಿ ಇಲ್ವಾ?"

ಮೇಷ್ಟ್ರು ಯೋಚಿಸಿದರು. "ಇದೆ. ಪ್ರತಿಯೊಂದು ಪತ್ರಕ್ಕೂ ಒಂದು ಬೆರಳಚ್ಚು ಇರುತ್ತೆ. ಮೂವತ್ತೆರಡು ಜೋಡಿ ಅಕ್ಷರ, ಅಂಕಿ. ಒಂದರದ್ದು ಇನ್ನೊಂದಕ್ಕೆ ಇರಲ್ಲ. ಯಂತ್ರದಿಂದ ಅದನ್ನ ತೆಗೆದು ನೀವು ಓದಿ ಹೇಳಿ. ಅವರು ತಮ್ಮ ಫೋನಲ್ಲಿ ಬಂದಿರೋದನ್ನ ನೋಡ್ಲಿ. ಮೂವತ್ತೆರಡೂ ಕೂಡಿ ಬಂದ್ರೆ ಆ ಕಡೆ ಇರೋದು ನೀವೇ, ನಡುವೆ ಇನ್ಯಾರೂ ಇಲ್ಲ. ಆದ್ರೆ ಒಂದು ಮಾತು. ನೀವು ಎದುರಿಗೆ ನಿಂತು ಹೇಳ್ಬೇಕು. ನಿಮ್ಮ ಮುಖ ಗೊತ್ತಿರಬೇಕು, ದನಿ ಗೊತ್ತಿರಬೇಕು."

ಮುಖಕ್ಕೂ ದನಿಗೂ ಭಾವನಲ್ಲಿ ಕೊರತೆಯಿರಲಿಲ್ಲ.

ಶನಿವಾರ ಬೆಳಗ್ಗೆಯೇ ಭಾವ ಆ ಮೂವತ್ತೆರಡು ಜೋಡಿಯನ್ನು ತಮ್ಮ ಗುಂಡನೆಯ ಅಕ್ಷರದಲ್ಲಿ ದೊಡ್ಡ ಹಾಳೆಯ ಮೇಲೆ ಬರೆದು, ಕೆಳಗೆ ಮೊಹರು ಒತ್ತಿ, ಬಾಗಿಲಿಗೆ ಅಂಟಿಸಿದರು. ಅದನ್ನು ನೋಡಿ ಜನ ಇನ್ನೂ ದೂರ ಸರಿದು ನಡೆದರು. ಪೊಲೀಸರು ಅಂಟಿಸಿದ್ದಾರೆ ಎಂದುಕೊಂಡರಂತೆ. ಮಧ್ಯಾಹ್ನ ಎರಡಾದರೂ ಒಂದು ನರಪಿಳ್ಳೆ ಬರಲಿಲ್ಲ.

ಆಗ ತರಕಾರಿ ಗಾಡಿ ಬಂತು. ಗಾಡಿಯ ನೆತ್ತಿಯಲ್ಲಿ ಮೈಕು. ಭಾವ ಮೆಟ್ಟಿಲಿಳಿದು ಓಡಿದರು. ಭಾವ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತರಕಾರಿಯವನಿಗೆ ಏನು ಹೇಳಿದರೋ, ಎರಡೇ ನಿಮಿಷದಲ್ಲಿ ಗಾಡಿ ಹತ್ತಿ, ಎಲೆಕೋಸಿನ ಚೀಲದ ಪಕ್ಕ ನಿಂತು ಮೈಕು ಹಿಡಿದರು.

"ಸಾರ್ವಜನಿಕರ ಗಮನಕ್ಕೆ. ಎಲ್ರೂ ನಿಮ್ಮ ನಿಮ್ಮ ಫೋನ್ ತೆಗೀರಿ. ಮೂರು ಗಂಟೆಗೆ ಸರಿಯಾಗಿ ನಾನು ನಂಬರ್ ಓದ್ತೀನಿ. ಯಾರ ಫೋನಲ್ಲಿ ಮೂವತ್ತೆರಡೂ ಕೂಡಿ ಬರುತ್ತೋ, ಅವರಿಗೆ ಯಾವ ಭಯವೂ ಇಲ್ಲ."

ಹೇಳಬೇಕಾದ್ದನ್ನೇ ಹೇಳಿದ್ದರು. ಆದರೆ ಮೈಕು, ನಂಬರು, ಕೂಡಿ ಬರುವುದು ಎಂಬ ಮೂರು ಸಂಗತಿ ಒಟ್ಟಿಗೆ ಕೇಳಿದ ಮೇಲೆ ಜನರ ತಲೆ ಓಡುವುದು ಒಂದೇ ಕಡೆಗೆ. ಲಾಟರಿ. ಕ್ಷೌರಿಕ ಕತ್ತರಿ ಕೆಳಗಿಟ್ಟ. ಬೇಕರಿಯವನು ಬಾಗಿಲೆಳೆದ. ಮಹಡಿಗಳ ಮೇಲಿಂದ ಹೆಂಗಸರು ಫೋನ್ ಹಿಡಿದು ಇಳಿದರು. ಮೂರು ಗಂಟೆಗೆ ಬೀದಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ.

"ಬಹುಮಾನ ಏನಂತೆ?" ಎಂದು ಕ್ಷೌರಿಕ ನನ್ನನ್ನು ಕೇಳಿದ.

"ಅರ್ಜಿ ಹಾಕಬಹುದಂತೆ."

"ಬಹುಮಾನಕ್ಕೂ ಅರ್ಜಿನಾ? ಸರ್ಕಾರಿ ಕೆಲಸ ಅಂದ್ಮೇಲೆ ಹಾಗೇ ಬಿಡಿ," ಎಂದು ಅವನು ತಲೆದೂಗಿದ.

ಗುಂಪಿನ ಅಂಚಿನಲ್ಲಿ ಟೈಲರ್‌ನ ಹೆಂಡತಿ ನಿಂತಿದ್ದಳು. ಲಾಟರಿಯಲ್ಲ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಬೆಳಗ್ಗೆಯೇ ಮೇಷ್ಟ್ರು ಅವಳ ಮಗಳಿಗೆ ಎಲ್ಲವನ್ನೂ ವಿವರಿಸಿದ್ದರು. ಹುಡುಗಿ ತಾಯಿಯ ಫೋನಿನಲ್ಲಿ ಬೆರಳಚ್ಚಿನ ಸಾಲು ತೆಗೆದು, ತಾಯಿಯ ಕೈಗೆ ಕೊಟ್ಟು, ತಾನು ಪಕ್ಕಕ್ಕೆ ನಿಂತಳು. ಉಳಿದವರಿಗೆ ನಾನೂ ಮೇಷ್ಟ್ರೂ ಗುಂಪಿನಲ್ಲಿ ನುಸುಳಾಡಿ ಎಲ್ಲಿ ನೋಡಬೇಕೆಂದು ತೋರಿಸಿದೆವು.

ಭಾವ ಗಂಟಲು ಸರಿಮಾಡಿಕೊಂಡರು. "ಮೊದಲನೇ ಜೋಡಿ. ಒಂಬತ್ತು, ಎ."

"ತಾಜಾ ತಾಜಾ ಬದನೆಕಾಯಿ," ಎಂದಿತು ಮೈಕು. ಅದರ ಧ್ವನಿಮುದ್ರಣ ನಿಲ್ಲಿಸುವ ಗುಂಡಿ ಹಾಳಾಗಿತ್ತಂತೆ.

"ಎರಡನೇ ಜೋಡಿ. ನಾಲ್ಕು, ಎಫ್."

"ಬನ್ನಿ ಅಮ್ಮಾ ಬನ್ನಿ."

ಯಾರೂ ನಗಲಿಲ್ಲ. ಇನ್ನೂರು ತಲೆ ಫೋನಿನ ಮೇಲೆ ಬಾಗಿದ್ದವು. ಐದನೇ ಜೋಡಿಗೆ ಯಾರೋ ‘ನಂದು ಬಂತು’ ಎಂದ. ಎಂಟಕ್ಕೆ ಬೇಕರಿಯವನು ಬೆವರತೊಡಗಿದ. ಹದಿಮೂರಕ್ಕೆ ಬರುವಷ್ಟರಲ್ಲಿ ಎಲ್ಲರದ್ದೂ ಕೂಡಿ ಬರುತ್ತಿತ್ತು, ಆದರೆ ಅದೃಷ್ಟವೆಂದ ಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ. ಫೋನನ್ನು ಎದೆಗೆ ಒತ್ತಿ ಹಿಡಿದು ಪಕ್ಕದವನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಹದಿನೇಳನೇ ಜೋಡಿಯಲ್ಲಿ ಕ್ಷೌರಿಕ ಎದೆ ಹಿಡಿದುಕೊಂಡ.

"ನಂದು ತಪ್ಪಿಹೋಯ್ತು. ನನಗೆ ಇಲ್ಲಿ ಬಿ ಇದೆ."

ಮೇಷ್ಟ್ರು ನುಗ್ಗಿ ಹೋಗಿ ನೋಡಿದರು. ಅವನು ಉತ್ಸಾಹದಲ್ಲಿ ಒಂದು ಸಾಲು ಹಾರಿಸಿ ಕೆಳಗಿನ ಸಾಲಿಗೆ ಹೋಗಿದ್ದ. "ಮೇಲಿನ ಸಾಲು ನೋಡಯ್ಯ," ಎಂದು ತೋರಿಸಿದರು. ಅವನ ಮುಖಕ್ಕೆ ಮತ್ತೆ ರಕ್ತ ಬಂತು.

"ಮೂವತ್ತೆರಡನೇ ಜೋಡಿ," ಎಂದರು ಭಾವ. ಆ ಹೊತ್ತಿಗೆ ಅವರ ದನಿ ಒಡೆದಿತ್ತು. ಕಣ್ಣು ಗುಂಪಿನ ಅಂಚಿನ ಮೇಲಿತ್ತು. "ಎರಡು, ಇ."

ಒಂದು ಕ್ಷಣ ಮೈಕು ಕೂಡ ಸುಮ್ಮನಿತ್ತು. ಆಮೇಲೆ ಬೀದಿಯೇ ಹುಯ್ಯೆಂದಿತು. ಎಲ್ಲರಿಗೂ ಹೊಡೆದಿತ್ತು. ಇಂಥ ಲಾಟರಿಯನ್ನು ಯಾರೂ ಕಂಡಿರಲಿಲ್ಲ. ಬೇಕರಿಯವನು ಕ್ಷೌರಿಕನನ್ನು ತಬ್ಬಿಕೊಂಡ. ಅವರಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಎಲ್ಲರಿಗೂ ಒಂದೇ ನಂಬರು ಬಂದರೆ ಗೆದ್ದವರು ಯಾರು ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು?

ಟೈಲರ್‌ನ ಹೆಂಡತಿ ಗದ್ದಲದ ನಡುವೆ ಗಾಡಿಯ ಹತ್ತಿರ ಬಂದಳು. ಬಾಗಿಲ ಮೇಲಿನ ಹಾಳೆಯನ್ನೂ ಫೋನನ್ನೂ ಇನ್ನೊಮ್ಮೆ, ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟು ಓದಿದಳು.

"ಇಷ್ಟೂ ನೀವೇ ಅಂತ ತಾನೇ?" ಎಂದಳು.

"ನಾನೇ ಕಣಮ್ಮ," ಎಂದರು ಭಾವ.

ಅವಳು ಗುಂಡಿ ಒತ್ತಿದಳು. ಅರ್ಜಿ ಹೋಯಿತು. ಆಗ ನಾಲ್ಕಕ್ಕೆ ಐದು ನಿಮಿಷ. ಭಾವ ಗಾಡಿಯಿಂದ ಇಳಿದು ಒಳಗೆ ಓಡುವಷ್ಟರಲ್ಲಿ ಬೀದಿಯ ತುದಿಯಲ್ಲಿ ಜೀಪು ಹಾರ್ನ್ ಮಾಡುತ್ತ ಗುಂಪಿನಲ್ಲಿ ಸಿಕ್ಕಿಕೊಂಡಿತ್ತು. ತನಿಖಾಧಿಕಾರಿ ಬಂದಿದ್ದರು.

ಅವರು ಕಚೇರಿಯೊಳಗೆ ಬರುವಾಗ ಅವರ ಅಂಗಿಯ ಒಂದು ಗುಂಡಿ ಹೋಗಿತ್ತು, ಕೈಯಲ್ಲಿ ಯಾರೋ ಅಭಿನಂದಿಸಿ ತುರುಕಿದ ಮೂಲಂಗಿಯಿತ್ತು.

"ಯಾರ್ರೀ ಇಲ್ಲಿ ಗುಮಾಸ್ತ? ಯಾರನ್ನ ಕೇಳಿ ಪತ್ರ ಮಾಡಿದ್ರಿ? ಈ ಕ್ಷಣ ಯಂತ್ರ ನಿಲ್ಲಿಸಿ."

ಒಳಗೆ ಅರ್ಜಿಗಳು ಇರುವೆ ಸಾಲಿನಂತೆ ಬರುತ್ತಿದ್ದವು. ಬಹುಮಾನಕ್ಕೆಂದು ಇಡೀ ಬೀದಿ ಅರ್ಜಿ ಹಾಕುತ್ತಿತ್ತು. ಅದರಲ್ಲಿ ಆ ಹುಡುಗಿಯ ಅರ್ಜಿ ಎಲ್ಲೋ ಇತ್ತು. ಭಾವ ಎದ್ದು ನಿಂತರು.

"ನಿಲ್ಲಿಸ್ತೀನಿ ಸರ್. ಆದೇಶ ಕೊಡಿ."

"ಕೊಟ್ಟೆನಲ್ರೀ ಈಗ."

"ಬರಹದಲ್ಲಿ ಸರ್. ಮೊಹರಿನ ಸಮೇತ."

ಅಧಿಕಾರಿಗಳು ಕಾಗದ ತೆಗೆದು ಬರಬರನೆ ಬರೆದರು. ಜೇಬು ತಡಕಿದರು, ಚೀಲ ತಡಕಿದರು, ಜೀಪಿಗೆ ಹೋಗಿ ಬಂದರು. ಶನಿವಾರವಲ್ಲವೇ, ಮೊಹರು ಕೇಂದ್ರ ಕಚೇರಿಯ ಬೀರುವಿನಲ್ಲಿತ್ತು.

"ಮೊಹರಿಲ್ದೇ ಇದ್ರೆ ಅದು ಕಾಗದ ಅಲ್ಲ ಸರ್," ಎಂದರು ಭಾವ, ನಿಜವಾದ ದುಃಖದಿಂದ. "ನಾನು ಏನೂ ಮಾಡೋ ಹಾಗಿಲ್ಲ." ಹಾಗೆಂದು ಕೂತು, ರಿಜಿಸ್ಟರ್ ತೆರೆದು, ಅರ್ಜಿ ಹುಡುಕತೊಡಗಿದರು.

ಅಧಿಕಾರಿಗಳು ಸಿಟ್ಟಿನಿಂದ ಮೇಷ್ಟ್ರ ಕಡೆ ತಿರುಗಿದರು. "ತನಗೆ ತಾನೇ ಸಹಿ ಹಾಕ್ಕೊಳ್ಳೋದು ಅಂದ್ರೇನ್ರೀ? ಅದಕ್ಕೆ ಬೆಲೆ ಇದೆಯಾ?"

ಮೇಷ್ಟ್ರಿಗೆ ಅಷ್ಟೇ ಸಾಕಿತ್ತು. ಅಧಿಕಾರಿಗಳದ್ದೇ ಫೋನ್ ತೆಗೆದುಕೊಂಡು ಅವರದ್ದೇ ಕೇಂದ್ರ ಕಚೇರಿಯ ತಾಣ ತೆರೆದರು. "ನೋಡಿ ಸರ್, ನಿಮ್ಮದಕ್ಕೆ ಇವರು ಸಹಿ ಹಾಕಿದ್ದಾರೆ. ಇವರದ್ದಕ್ಕೆ ಅವರ ಮೇಲಿನವರು. ಅವರದ್ದಕ್ಕೆ, ನೀವೇ ಓದಿ."

ಅಧಿಕಾರಿಗಳು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. "ಇದೇನು, ಎಲ್ಲರಿಗಿಂತ ಮೇಲಿರೋರು ತಮಗೆ ತಾವೇ ಹಾಕ್ಕೊಂಡಿದ್ದಾರೆ?"

"ಮೇಲೆ ಇನ್ನು ಯಾರೂ ಇಲ್ವಲ್ಲ ಸರ್. ಅವರನ್ನ ನಂಬು ಅಂತ ಫೋನಿಗೆ ಮೊದಲೇ ಹೇಳಿಟ್ಟಿರ್ತಾರೆ. ಇಲ್ಲಿ ನಮ್ಮ ಭಾವ ಗಾಡಿ ಹತ್ತಿ ಹೇಳಿದ್ರು, ಅಷ್ಟೇ ವ್ಯತ್ಯಾಸ."

ಅಧಿಕಾರಿಗಳು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಮೂವತ್ತು ವರ್ಷದ ಸೇವೆಯಲ್ಲಿ ಅವರಿಗೆ ಇಂಥ ಆಘಾತವಾಗಿರಲಿಲ್ಲವೇನೋ. ಆಮೇಲೆ ತಮ್ಮ ಮೇಲಿನವರಿಗೆ ಫೋನ್ ಮಾಡಿದರು. ಆ ಮೇಲಿನವರು ತಮ್ಮ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಅವರು ಮತ್ತೂ ಮೇಲಕ್ಕೆ ಹೋದರು. ಫೋನು ಮೆಟ್ಟಿಲು ಹತ್ತುತ್ತಲೇ ಇತ್ತು, ಇತ್ತ ಭಾವ ಪುಟ ಮಗುಚುತ್ತಲೇ ಇದ್ದರು.

ನಾಲ್ಕೂ ಐವತ್ತೊಂದಕ್ಕೆ ಭಾವ ಮಂಜೂರು ಮಾಡಿದರು. ನಾನು ರಸ್ತೆ ದಾಟಿದ್ದು ನನಗೇ ಗೊತ್ತಾಗಲಿಲ್ಲ. ಅಂಗಡಿಯ ಪ್ರಿಂಟರು ಎಂದಿನಂತೆ ಒಂದು ಸಲ ಕೆಮ್ಮಿ, ಆಮೇಲೆ ಮನಸ್ಸು ಮಾಡಿ, ಹಾಳೆಯನ್ನು ಹೊರಗೆ ನೂಕಿತು. ಹುಡುಗಿ ನನ್ನ ಕಂಪ್ಯೂಟರಿನಲ್ಲೇ ಕೂತು ಅದನ್ನು ತರಬೇತಿ ಶಾಲೆಗೆ ಕಳಿಸಿದಳು. ತಲುಪಿದೆ ಎಂಬ ಉತ್ತರ ಬಂದಾಗ ಐದಕ್ಕೆ ಮೂರು ನಿಮಿಷವಿತ್ತು. ಅವಳು ತಾಯಿಯ ಹೆಗಲಿಗೆ ತಲೆಯಿಟ್ಟು ಅತ್ತಳು. ಟೈಲರ್ ಓಡಿ ಬಂದು, ಅಳತೆಯ ಟೇಪು ಕುತ್ತಿಗೆಯಲ್ಲಿದ್ದಂತೆಯೇ, ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತ.

ಐದೂ ಹತ್ತಕ್ಕೆ ಎಲ್ಲರಿಗಿಂತ ಮೇಲಿನವರ ಉತ್ತರ ಒಬ್ಬೊಬ್ಬರ ಬಾಯಿಂದ ಇಳಿದು ಇಳಿದು ಅಧಿಕಾರಿಗಳ ಕಿವಿಗೆ ಮುಟ್ಟಿತು. ‘ಸ್ಥಳದಲ್ಲಿರೋರು ನೀವು. ನೀವೇ ನೋಡಿ ನಿರ್ಧಾರ ಮಾಡಿ.’ ಅವರು, ಹೊಸ ಪತ್ರ ಬರುವವರೆಗೆ ಇದೇ ನಡೆಯಲಿ ಎಂದು ಬರೆದು, ಕೆಳಗೆ ತಾವೇ ಸಹಿ ಹಾಕಿದರು. ಮುಂದಿನ ವಾರ ಕೇಂದ್ರ ಕಚೇರಿಯಿಂದ ಭಾವನಿಗೆ ಎಚ್ಚರಿಕೆಯ ಪತ್ರವೊಂದು ಬಂತು. ಮೊಹರಿತ್ತಾದ್ದರಿಂದ ಗೌರವದಿಂದ ಸ್ವೀಕರಿಸಿದರು. ಬಹುಮಾನ ಎಲ್ಲಿ ಎಂದು ಕೇಳಿದ ಬೀದಿಯವರಿಗೆಲ್ಲ ಅವರವರ ಜನನ ಪ್ರಮಾಣಪತ್ರ ಸಿಕ್ಕಿತು. ಕ್ಷೌರಿಕ ತಾನು ಅಂದುಕೊಂಡಿದ್ದಕ್ಕಿಂತ ಎರಡು ವರ್ಷ ಚಿಕ್ಕವನೆಂದು ತಿಳಿದು ಅದನ್ನೇ ಬಹುಮಾನವೆಂದು ಒಪ್ಪಿಕೊಂಡ.

ಮೂರು ವಾರಕ್ಕೆ ಸರಿಯಾಗಿ ಕೇಂದ್ರ ಕಚೇರಿಯಿಂದ ಹೊಸ ಪತ್ರ ಬಂತು. ಮೇಲಿನವರು, ಅವರ ಮೇಲಿನವರು, ಎಲ್ಲರೂ ಸಹಿ ಹಾಕಿದ್ದು. ಮರುದಿನ ಬೆಳಗ್ಗೆ ಮೇಷ್ಟ್ರು ಅದನ್ನು ಯಂತ್ರಕ್ಕೆ ಹಾಕಿದರು. ಕೆಂಪು ಪರದೆ ಮಾಯವಾಯಿತು. ಯಾರ ಫೋನೂ ಗೊಣಗಲಿಲ್ಲ, ಭಾವನ ಹೆಸರೂ ಬರಲಿಲ್ಲ. ಭಾವ ನಿಟ್ಟುಸಿರು ಬಿಟ್ಟು ಚಹಾ ತರಿಸಿಕೊಂಡರು.

ಹತ್ತೂವರೆಗೆ ಕಚೇರಿಯ ಮುಂದೆ ಗುಂಪು ಕೂಡಿತು. ಎಲ್ಲರ ಮುಖದಲ್ಲೂ ಗಾಬರಿ. ಮುಂದೆ ನಿಂತಿದ್ದವಳು ಟೈಲರ್‌ನ ಹೆಂಡತಿ.

"ಅಣ್ಣಾ, ಏನೋ ಮೋಸ ಆಗಿದೆ," ಎಂದಳು ಫೋನ್ ಮುಂದೆ ಹಿಡಿದು. "ಕೆಂಪು ಬರ್ತಿಲ್ಲ. ನಿಮ್ಮ ಹೆಸರೂ ಇಲ್ಲ. ಯಾರೋ ಏನೋ ಒಳಗೆ ಸೇರ್ಕೊಂಡಿದ್ದಾರೆ."

"ಇದು ಸರಿಯಾದ್ದು ಕಣಮ್ಮ. ದೊಡ್ಡೋರೆಲ್ಲ ಸಹಿ ಹಾಕಿದ್ದಾರೆ," ಎಂದರು ಭಾವ.

"ಅವರು ಯಾರೋ ನಮಗೇನು ಗೊತ್ತು? ನೀವು ಬಂದು ಓದಿ ಹೇಳಿ. ಆಮೇಲೆ ಒತ್ತುತ್ತೀವಿ."

ಭಾವ ಕಿಟಕಿಯಿಂದ ಹೊರಗೆ ನೋಡಿದರು. ತರಕಾರಿ ಗಾಡಿಯವನು ಆಗಲೇ ಎಲೆಕೋಸಿನ ಚೀಲ ಪಕ್ಕಕ್ಕೆ ಸರಿಸಿ ಜಾಗ ಮಾಡುತ್ತಿದ್ದ.